ಒಂಬತ್ತು ಕೊಕ್ಕೆಗಳ ಇತಿಹಾಸ

ನಾನು ಬರೆದದ್ದರಲ್ಲಿ ಜನ ನಿಜಕ್ಕೂ ಓದಿದ್ದು ಒಂದೇ ಲೇಖನ. ಎರಡು ಕಥಾಸಂಕಲನ, ಒಂದು ಕವನಸಂಕಲನ ಬಂದಿವೆ. ಅವುಗಳ ಪ್ರತಿಗಳು ನಮ್ಮ ಮನೆಯ ಮಂಚದ ಅಡಿಯಲ್ಲಿ ಸುರಕ್ಷಿತವಾಗಿವೆ. ಆದರೆ ಉರ್ವ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ನಮ್ಮ ಭಜನಾ ಮಂದಿರದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬರೆದುಕೊಟ್ಟ ನಾಲ್ಕು ಪುಟದ ಇತಿಹಾಸವನ್ನು ಆ ಓಣಿಯವರು ಬಾಯಿಪಾಠ ಮಾಡಿದ್ದಾರೆ. ತೊಂದರೆ ಏನೆಂದರೆ, ಅದರಲ್ಲಿ ನಿಜ ಇದ್ದದ್ದು ಮಂದಿರದ ವಿಳಾಸ ಮಾತ್ರ.

ಆಗ ನಾನು ಕನ್ನಡ ಎಂ.ಎ. ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿದ್ದೆ. ಕೆಲಸವಿಲ್ಲದ ಎಂ.ಎ. ಅಂದರೆ ಊರಿನ ಎಲ್ಲ ಸನ್ಮಾನಪತ್ರಗಳಿಗೂ ಅವನೇ ಗತಿ. ಸಂಚಿಕೆ ಅಚ್ಚಿಗೆ ಹೋಗಲು ಮೂರು ದಿನ ಇರುವಾಗ ಮಂದಿರದ ಆಗಿನ ಅಧ್ಯಕ್ಷರು, ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ನನ್ನನ್ನು ಕರೆಸಿದರು. “ಜಾಹೀರಾತು ಎಲ್ಲ ಬಂದಾಗಿದೆ. ಇತಿಹಾಸ ಮಾತ್ರ ಬಾಕಿ ಉಂಟು. ನೀನು ಎಂ.ಎ. ಅಲ್ವಾ, ನಾಲ್ಕು ಪುಟ ಬರೆದು ಹಾಕು ಮಾರಾಯ” ಎಂದರು.

ನಾನು ನೋಟ್ ಪುಸ್ತಕ ಹಿಡಿದು ಇತಿಹಾಸಕಾರನ ಗತ್ತಿನಲ್ಲಿ ಹೊರಟೆ. ಮೂವರು ಹಿರಿಯರನ್ನು ಕಂಡೆ. ಮಂದಿರ ನೋಂದಣಿಯಾಗಿ ಇಪ್ಪತ್ತೈದು ವರ್ಷವಾದದ್ದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮೊದಲು ಎಂತ ಇತ್ತು ಎಂದು ಕೇಳಿದೆ. ಒಬ್ಬರು “ಮೊದಲಿಂದಲೂ ಉಂಟು” ಎಂದರು. ಇನ್ನೊಬ್ಬರು “ಅದೆಲ್ಲ ಯಾರಿಗೆ ಗೊತ್ತು” ಎಂದರು. ಮೂರನೆಯವರು ಮಂದಿರದ ಮುಖ್ಯ ಹಾಡುಗಾರರು, ನಾನು ಅಣ್ಣ ಎಂದು ಕರೆಯುತ್ತಿದ್ದವರು. ಅವರು ಎಲೆಯಡಿಕೆ ಜಗಿಯುತ್ತಾ, “ಎಂತ ಇತಿಹಾಸ ಅದಕ್ಕೆ? ಹೆಂಗಸರು ಬೀಡಿ ಕಟ್ಟುವ ಕೊಟ್ಟಿಗೆ ಆಗಿತ್ತು. ಭಜನೆ ಆಗಲೂ ಇತ್ತು” ಎಂದರು.

ಇದನ್ನು ನಾನು ಬರೆದುಕೊಳ್ಳಲಿಲ್ಲ. ಸ್ವಾಮೀಜಿಯ ಆಶೀರ್ವಚನ, ಶಾಸಕರ ಶುಭಾಶಯ ಇರುವ ಸಂಚಿಕೆಯಲ್ಲಿ ಬೀಡಿ ಎಂಬ ಶಬ್ದವನ್ನು ಹೇಗೆ ಬರೆಯುವುದು? ಮೇಲಾಗಿ ನಾನು ತರಗತಿಗೆ ಎರಡನೆಯವನಾಗಿ ಪಾಸಾದವನು. ನನ್ನಂಥವನು ಬರೆಯುವ ಇತಿಹಾಸಕ್ಕೆ ಒಂದು ಘನವಾದ ಮೂಲ ಇರಬೇಕು ಎಂದು ನನಗೆ ತೋರಿತು.

ಆ ಮೂಲ ನನಗೆ ಮಂದಿರದ ಮಾಡಿನಲ್ಲಿ ಸಿಕ್ಕಿತು. ನಮ್ಮ ಮಂದಿರ ಅಂದರೆ ಹಂಚು ಹೊದೆಸಿದ ಉದ್ದನೆಯ ಒಂದು ಕೋಣೆ, ಕೆಂಪು ನೆಲ, ಗೋಡೆಗೆ ಒಂದು ದೇವರ ಪಟ, ಅದರ ಮುಂದೆ ಒಂದು ಕಾಲುದೀಪ. ಭಟ್ಟರಿಲ್ಲ, ವೇದಿಕೆಯಿಲ್ಲ. ಶನಿವಾರ ಸಂಜೆ ಬಂದವರು ಚಾಪೆಯ ಮೇಲೆ ಎದುರುಬದುರು ಕೂತು ಹಾಡುವುದು, ಅವಲಕ್ಕಿ ತಿಂದು ಮನೆಗೆ ಹೋಗುವುದು, ಅಷ್ಟೆ. ಆದರೆ ಬೇರೆ ಮಂದಿರಗಳಲ್ಲಿ ಇಲ್ಲದ ಎರಡು ಕ್ರಮ ಇಲ್ಲಿ ಇದ್ದವು. ಹಾಡು ಶುರುವಾಗುವ ಮೊದಲು ಎಲ್ಲರೂ ಸುಮ್ಮನೆ, ಒಂದು ಮಾತಿಲ್ಲದೆ, ಹತ್ತು ಹದಿನೈದು ನಿಮಿಷ ಕೂರಬೇಕು. ಮತ್ತೆ ಮೊದಲ ಹಾಡಿಗೆ ತಾಳ ಹಾಕಬಾರದು. ಮೆಲ್ಲನೆ, ಬಾಯೊಳಗೇ ಎಂಬಂತೆ ಹಾಡಬೇಕು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮತ್ತೊಂದು ವಿಚಿತ್ರವೆಂದರೆ, ಸ್ವಲ್ಪ ತಗ್ಗಿನಲ್ಲಿದ್ದ ಮರದ ತೊಲೆಯಲ್ಲಿ ಸಾಲಾಗಿ ಒಂಬತ್ತು ಕಬ್ಬಿಣದ ಕೊಕ್ಕೆಗಳಿದ್ದವು. ಅದೂ ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತು! ನವವಿಧ ಭಕ್ತಿ ಓದಿದವನಿಗೆ ಇದಕ್ಕಿಂತ ಹೆಚ್ಚಿನ ಆಧಾರ ಬೇಕೇ? ಆ ದಿನವೇ ಬರೆದೆ. ಹಿಂದೊಂದು ಕಾಲದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದು ದಣಿದ ಒಂಬತ್ತು ಮಂದಿ ಹಿರಿಯರು ದಿನವೂ ಸಂಜೆ ಒಂದೊಂದು ಲಾಟೀನು ಹಿಡಿದು ಇಲ್ಲಿಗೆ ಬರುತ್ತಿದ್ದರು. ಒಂಬತ್ತು ಕೊಕ್ಕೆಗೆ ಒಂಬತ್ತು ಲಾಟೀನು ತೂಗುಹಾಕಿ, ಹೊರಗಿನ ಬೆಳಕಿನಲ್ಲಿ ಒಳಗಿನ ಬೆಳಕನ್ನು ಹುಡುಕುತ್ತಾ ಮೌನವಾಗಿ ಕೂರುತ್ತಿದ್ದರು. ಆ ಮೌನವೇ ಮುಂದೆ ತಾಳವಿಲ್ಲದ ಹಾಡಾಯಿತು, ಹಾಡು ಮಂದಿರವಾಯಿತು. ಸೀಮೆ ಎಣ್ಣೆಗೆ ರೇಶನ್ ಅಂಗಡಿಯ ಮುಂದೆ ಕ್ಯೂ ನಿಲ್ಲುತ್ತಿದ್ದ ಕಾಲದಲ್ಲಿ ಒಂದು ಸಣ್ಣ ಕೋಣೆಗೆ ಒಂಬತ್ತು ಲಾಟೀನು ಯಾಕೆ ಎಂದು ನಾನೂ ಯೋಚಿಸಲಿಲ್ಲ, ಓದಿದವರೂ ಕೇಳಲಿಲ್ಲ. ಗಾಳಿಯಲ್ಲಿ ಗೋಪುರ ಕಟ್ಟುವವನಿಗೆ ಎಣ್ಣೆಯ ಚಿಂತೆ ಇರುವುದಿಲ್ಲ.

ಲೇಖನ ಎಲ್ಲರಿಗೂ ಹಿಡಿಸಿತು. ಬೀಡಿ ಕೊಟ್ಟಿಗೆ ಎಂದು ಹೇಳಿದ್ದ ಅಣ್ಣನೂ ಬೆನ್ನು ತಟ್ಟಿ, “ಚಂದ ಬರೆದಿದ್ದಿ” ಎಂದರು. ನನಗೆ ಬ್ಯಾಂಕ್ ಕೆಲಸ ಸಿಕ್ಕಿತು. ರಾಯಚೂರು, ಹಾಸನ, ಮತ್ತೆ ಎಲ್ಲೆಲ್ಲೋ ವರ್ಗವಾಗಿ ಮೂವತ್ತೈದು ವರ್ಷ ತಿರುಗಿದೆ. ಮಂದಿರದ ವಾರ್ಷಿಕೋತ್ಸವ ಬರುವುದು ಮಾರ್ಚ್ ಕೊನೆಗೆ. ಆ ತಿಂಗಳು ಬ್ಯಾಂಕಿನವನಿಗೆ ರಜೆ ಎಲ್ಲಿಯದು? ಆದರೆ ಸುದ್ದಿ ಬರುತ್ತಿತ್ತು. ಯಾರೋ ಭಕ್ತರು ಒಂಬತ್ತು ಹಿತ್ತಾಳೆ ಲಾಟೀನು ಮಾಡಿಸಿಕೊಟ್ಟರಂತೆ. ವಾರ್ಷಿಕೋತ್ಸವದ ದಿನ ಅವನ್ನು ಕೊಕ್ಕೆಗಳಿಗೆ ತೂಗುಹಾಕಿ ಹಚ್ಚುವುದು ಕ್ರಮವಾಯಿತಂತೆ. ಒಂಬತ್ತು ಹಿರಿಯರಲ್ಲಿ ತಮ್ಮ ಅಜ್ಜನೂ ಒಬ್ಬ ಎಂದು ಹೇಳುವ ಮನೆಗಳು ಹದಿನಾಲ್ಕು ಆಗಿ, ಯಾರು ಯಾವ ಲಾಟೀನು ಹಚ್ಚಬೇಕು ಎಂಬುದಕ್ಕೆ ಜಗಳವೂ ಆಯಿತಂತೆ. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹೆಂಡತಿಗೆ ತೋರಿಸಿ, “ನೋಡು, ಸಾಹಿತ್ಯದ ಶಕ್ತಿ” ಎಂದೆ. ಅವಳು, “ಮಂಚದ ಅಡಿಯದ್ದಕ್ಕೂ ಸ್ವಲ್ಪ ಶಕ್ತಿ ಬಂದರೆ ಗುಡಿಸಲಿಕ್ಕೆ ಸುಲಭ ಆಗ್ತದೆ” ಎಂದಳು.

ಕಳೆದ ವರ್ಷ ನಿವೃತ್ತನಾಗಿ ಉರ್ವಕ್ಕೇ ಬಂದು ನೆಲೆಸಿದೆ. ಮಂದಿರಕ್ಕೆ ಅರವತ್ತು ತುಂಬುತ್ತಿತ್ತು. ದುಬೈಯಲ್ಲಿದ್ದು ಹಿಂದಿರುಗಿದ ಈಗಿನ ಅಧ್ಯಕ್ಷರು ಸ್ಕೂಟರಿನಲ್ಲಿ ಮನೆಗೇ ಬಂದರು. “ವಜ್ರ ಮಹೋತ್ಸವದ ಸಂಚಿಕೆಗೆ ಇತಿಹಾಸ ನೀವೇ ಬರೀಬೇಕು ಸರ್. ಮೊದಲಿನದ್ದನ್ನೇ ಸ್ವಲ್ಪ ದೊಡ್ಡದು ಮಾಡಿದರೆ ಸಾಕು. ಹಿರಿಯರು ಇದ್ದಾರೆ, ಮಾತಾಡಿಸಿ” ಎಂದರು. ಈ ಸಲವಾದರೂ ಸರಿಯಾಗಿ ಮಾಡಬೇಕೆಂದು ನಾನು ಒಪ್ಪಿಕೊಂಡೆ. ನೋಟ್ ಪುಸ್ತಕದ ಬದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದನ್ನೂ ಕಲಿತೆ.

ಐದು ಮನೆಗೆ ಹೋದೆ. ಐದೂ ಮನೆಯಲ್ಲಿ ಹಿರಿಯರು ನನಗೆ ನನ್ನದೇ ಲೇಖನ ಒಪ್ಪಿಸಿದರು. ಎಪ್ಪತ್ತೆಂಟು ದಾಟಿದ ಒಬ್ಬರಂತೂ ಕಣ್ಣು ಮುಚ್ಚಿಕೊಂಡು, “ನಾನು ಸಣ್ಣವ ಇರುವಾಗ ನೋಡಿದ್ದೇನೆ, ಒಂಬತ್ತು ಲಾಟೀನು ಸಾಲಾಗಿ ಬರುವುದು. ಗಾಳಿಗೆ ಒಂದು ಆರಿದರೆ ಇನ್ನೊಂದರಿಂದ ಹಚ್ಚಿಕೊಳ್ಳುತ್ತಿದ್ದರು” ಎಂದರು. ಗಾಳಿ ನನ್ನ ಲೇಖನದಲ್ಲಿ ಇರಲಿಲ್ಲ. ಅದು ನನಗೆ ಬರೆಯುವಾಗ ಹೊಳೆಯದೆ ಹೋಯಿತಲ್ಲ ಎಂದು ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರು ಕಂಡದ್ದೇ ಹಾಗೆ ಎಂದು ಅವರಿಗೆ ಖಾತ್ರಿಯಾಗಿತ್ತು.

ಆರನೆಯದು ಹಾಡುಗಾರ ಅಣ್ಣನ ಮನೆ, ಮಂದಿರಕ್ಕೆ ತಾಗಿಯೇ ಇರುವುದು. ಅಣ್ಣ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಎಂಬತ್ತಮೂರು ವರ್ಷದವರು, ಇದ್ದರು. ಸೊಸೆ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದಳು: “ಅತ್ತೆಯ ಹತ್ತಿರ ಮಂದಿರದ ವಿಷಯ ಮಾತ್ರ ಬೇಡ ಸರ್. ಅವರಿಗೆ ಈಗ ಸ್ವಲ್ಪ ಹೆಚ್ಚು ಕಡಿಮೆ. ಹೋದ ವರ್ಷ ಲಾಟೀನು ಹಚ್ಚುವಾಗ ಎಲ್ಲರ ಮುಂದೆ ಎದ್ದು ನಿಂತು, ಅದು ಮಕ್ಕಳ ಜಾಗ, ಅಲ್ಲಿ ಬೆಂಕಿ ಇಡಬೇಡಿ ಅಂತ ಹೇಳಿದರು. ಮಂದಿರದಲ್ಲಿ ಮಕ್ಕಳು ನೇತಾಡ್ತಾ ಇದ್ದರು ಅಂತ ಹೇಳ್ತಾರೆ. ಡಾಕ್ಟರರಿಗೆ ತೋರಿಸಿದ್ದೇವೆ. ಈಗ ಶನಿವಾರ ಭಜನೆಗೆ ಕಳಿಸುವುದಿಲ್ಲ. ಟಿ.ವಿ. ಹಾಕಿ ಕೊಡ್ತೇವೆ, ಆದರೂ ಕಿಟಕಿ ಹತ್ತಿರವೇ ಕೂರ್ತಾರೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಲಾಟೀನು ಎಂಬ ಮಾತು ಕೇಳಿದ ಕೂಡಲೇ ನನ್ನ ಕೈ ಮೊಬೈಲಿಗೆ ಹೋಗಿ ರೆಕಾರ್ಡರನ್ನು ಆಫ್ ಮಾಡಿತು. ಅಕ್ಕ ಒಳಗೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಗುರುತು ಹಿಡಿದರು. ನನ್ನ ಅಮ್ಮನ ಮಂಡಿನೋವಿನಿಂದ ಹಿಡಿದು ನನ್ನ ಮದುವೆಯಲ್ಲಿ ಪಾಯಸಕ್ಕೆ ಬೆಲ್ಲ ಕಡಿಮೆಯಾದದ್ದರವರೆಗೆ ಎಲ್ಲವೂ ಅವರಿಗೆ ನೆನಪಿತ್ತು. ಹೆಚ್ಚು ಕಡಿಮೆ ಆದದ್ದು ಎಲ್ಲಿ ಎಂದು ನನಗೆ ಕಾಣಲಿಲ್ಲ. ಸೊಸೆ ಚಹಾ ಮಾಡಲು ಹೋದಾಗ ನಾನು ಕೇಳಿಯೇ ಬಿಟ್ಟೆ: “ಅಕ್ಕ, ಆ ಕೊಕ್ಕೆ ಎಂತಕ್ಕೆ ಇದ್ದದ್ದು?” ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏನನ್ನೂ ಸೇರಿಸದೆ.

“ತೊಟ್ಟಿಲು ಕಟ್ಟಲಿಕ್ಕೆ,” ಎಂದರು ಅಕ್ಕ. “ಆ ಕೊಟ್ಟಿಗೆ ನನ್ನ ಅಮ್ಮನದ್ದು. ಆಗ ಈ ಓಣಿಯಲ್ಲಿ ಎಲ್ಲರದ್ದೂ ಮುಳಿಹುಲ್ಲಿನ ಮನೆ. ಇದೊಂದಕ್ಕೆ ಹಂಚು. ಮಳೆಗೆ ಬೀಡಿ ಎಲೆ ಒದ್ದೆ ಆಗ್ತದೆ ಅಂತ ಅಮ್ಮ ಎಲ್ಲ ಹೆಂಗಸರನ್ನೂ ಇಲ್ಲಿಗೇ ಕರೆದರು. ಮಡಿಲಲ್ಲಿ ಎಲೆಯ ಮೊರ ಇಟ್ಟುಕೊಂಡು ಸಾಲಾಗಿ ಕೂರುವುದು, ತಲೆಯ ಮೇಲೆ ಸೀರೆಯ ತೊಟ್ಟಿಲಲ್ಲಿ ಅವರವರ ಮಗು. ಹಗ್ಗ ಎಳೆದು ತೂಗುವ ಕೆಲಸ ನನ್ನದು. ನನಗೆ ಏಳೆಂಟು ವರ್ಷ.”

“ಮತ್ತೆ ಆ ಸುಮ್ಮನೆ ಕೂರುವುದು?”

“ಮಕ್ಕಳು ಮಲಗಬೇಡವಾ? ಒಂಬತ್ತರಲ್ಲಿ ಒಂದು ಎದ್ದರೆ ಎಲ್ಲವೂ ಏಳುತ್ತಿದ್ದವು. ಕೊನೆಯ ಮಗು ಮಲಗುವವರೆಗೆ ಯಾರೂ ಬಾಯಿ ತೆರೆಯಬಾರದು ಅಂತ ಅಮ್ಮನ ಕಟ್ಟಪ್ಪಣೆ. ಮಲಗಿದ ಮೇಲೆ ಮೆಲ್ಲ ಒಂದು ಹಾಡು. ನಿದ್ದೆ ಗಟ್ಟಿಯಾಯಿತು ಅಂತ ಗೊತ್ತಾದ ಮೇಲೆ ಕತ್ತರಿಯಿಂದ ಮೊರದ ಅಂಚಿಗೆ ಬಡಿದು ತಾಳ. ಕೈ ಬೀಡಿ ಕಟ್ಟುತ್ತಿತ್ತು, ಬಾಯಿ ಹಾಡುತ್ತಿತ್ತು. ಗಂಡಸರು ಬಂದದ್ದು ಎಷ್ಟೋ ವರ್ಷದ ಮತ್ತೆ, ಹಾಡು ಕೇಳಿ.”

ನಾನು ಮೂವತ್ತೈದು ವರ್ಷಗಳ ಹಿಂದೆ ಒಳಗಿನ ಬೆಳಕು, ಹೊರಗಿನ ಬೆಳಕು ಎಂದು ಎರಡು ಪುಟ ತುಂಬಿಸಿದ್ದ ಮೌನ ಇದು. ಮಕ್ಕಳನ್ನು ಸಾಕಿದ ಯಾರಿಗಾದರೂ ಒಂದು ನಿಮಿಷದಲ್ಲಿ ಹೊಳೆಯಬೇಕಾದ ಸಂಗತಿ ಇಡೀ ನವವಿಧ ಭಕ್ತಿಯಲ್ಲಿ ನನಗೆ ಸಿಗಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನನ್ನ ಆ ನಾಲ್ಕು ಪುಟದಿಂದಾಗಿ ಸರಿಯಾಗಿ ನೆನಪಿರುವ ಒಬ್ಬರು ಅರಳುಮರಳಿನವರಾಗಿ, ತನ್ನ ಅಮ್ಮ ಕಟ್ಟಿದ ಜಾಗಕ್ಕೆ ಕಾಲಿಡಲಾಗದೆ ಕಿಟಕಿಯ ಬಳಿ ಕೂತಿದ್ದರು. 

ಅಕ್ಕನ ಮಗನಿಗೆ ಸುರತ್ಕಲ್ ಕಡೆ ಕಂಪೆನಿಯಲ್ಲಿ ಶಿಫ್ಟ್ ಕೆಲಸ. ಮರುದಿನ ಅವನು ಮನೆಯಲ್ಲಿರುವಾಗ ಹೋಗಿ ನೇರವಾಗಿ ಹೇಳಿದೆ: “ಲಾಟೀನಿನ ಕಥೆ ನಾನು ಕಟ್ಟಿದ್ದು. ನಿನ್ನ ಅಮ್ಮ ಹೇಳುವುದೇ ಸರಿ.” ಅವನು ಒಳ್ಳೆಯ ಮನುಷ್ಯ. ನನ್ನ ಕೈ ಹಿಡಿದು, “ಅಮ್ಮನಿಗೆ ಬೇಜಾರಾಗಬಾರದು ಅಂತ ನೀವು ಹೀಗೆ ಹೇಳ್ತಾ ಇದ್ದೀರಿ, ನನಗೆ ಅರ್ಥ ಆಗ್ತದೆ ಸರ್. ಆದರೆ ಅಪ್ಪನೇ ನನಗೆ ಹೇಳಿದ್ದಾರೆ, ಎರಡನೆಯ ಲಾಟೀನು ನಮ್ಮ ಅಜ್ಜನದ್ದು ಅಂತ” ಎಂದ. ಬೀಡಿ ಕೊಟ್ಟಿಗೆ ಎಂದು ನನಗೆ ಹೇಳಿದ್ದ ಅಣ್ಣನೇ, ನನ್ನದನ್ನು ಓದಿದ ಮೇಲೆ ಮಗನಿಗೆ ಲಾಟೀನು ಹೇಳಿಕೊಟ್ಟಿದ್ದರು. ನನಗೆ ಎಲ್ಲಿಯಾದರೂ ಸಾಕ್ಷಿ ಉಳಿದಿದ್ದರೆ ಅದನ್ನೂ ನಾನೇ ತಿದ್ದಿಯಾಗಿತ್ತು.

ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಹದಿನೈದು ಜನ ಇದ್ದರು. ಒಬ್ಬರು, “ದೊಡ್ಡವರು ಯಾವಾಗಲೂ ತಮ್ಮ ಬರಹವನ್ನು ಕಡಿಮೆ ಮಾಡಿಯೇ ಹೇಳುವುದು” ಎಂದು ಮೆಚ್ಚಿದರು. ಅಧ್ಯಕ್ಷರು ಬೆಳ್ಳಿಹಬ್ಬದ ಸಂಚಿಕೆ ಎತ್ತಿ ತೋರಿಸಿ, “ಇಲ್ಲಿ ಪ್ರಿಂಟ್ ಆಗಿ ಉಂಟು ಸರ್. ಈಗ ಬಾಯಲ್ಲಿ ಅಲ್ಲ ಅಂತ ಹೇಳಿದರೆ ಹೇಗೆ ಆಗ್ತದೆ?” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವರಿಗೆ, “ರಿಟೈರ್ ಆದ ಮೇಲೆ ಕೆಲವರಿಗೆ ಹೀಗೆ ಶುರುವಾಗ್ತದೆ” ಎನ್ನುವುದು ಸ್ಪಷ್ಟವಾಗಿ ಕೇಳಿಸಿತು. ನನ್ನ ಬಾಳಿನಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಸತ್ಯ ಹೇಳಿದ್ದೆ, ಸಿಕ್ಕಿದ್ದು ಇದು. ಮಾಡಿದ್ದುಣ್ಣೋ ಮಹರಾಯ.

ಮನೆಗೆ ಬಂದು ಹೆಂಡತಿಯ ಬಳಿ ಗೋಳು ತೋಡಿಕೊಂಡೆ. “ನಿಮ್ಮ ಕಥೆ ಯಾರೂ ನಂಬುವುದಿಲ್ಲ ಅಂತ ಇಷ್ಟು ವರ್ಷ ಅಳುತ್ತಿದ್ದಿರಿ. ಈಗ ನಂಬಿದರು ಅಂತ ಅಳುತ್ತಿದ್ದೀರಿ,” ಎಂದಳು. ಮತ್ತೆ, “ಆ ಅಕ್ಕನಿಗೆ ಒಂದು ದಾರಿ ಮಾಡಿ. ನಿಮ್ಮದು ಬಿಡಿ” ಎಂದಳು.

ದಾರಿ ಮಾಡಿದ್ದು ನಾನಲ್ಲ, ಒಬ್ಬರು ಮರಗೆಲಸದ ಆಚಾರಿ. ಮಹೋತ್ಸವಕ್ಕೆಂದು ಮಂದಿರದ ಮಾಡು ರಿಪೇರಿ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ, ವಯಸ್ಸಾದ ಆಚಾರಿಯೊಬ್ಬರು ಏಣಿ ಹತ್ತಿ ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಬಡಿದು ನೋಡುತ್ತಿದ್ದರು. ಕೊಕ್ಕೆಗೆ ಬೆರಳು ಹಾಕಿ ಸವರಿ, ಕೆಳಗಿದ್ದ ನನಗೆ ಅವರಾಗಿಯೇ ಹೇಳಿದರು: “ಎಷ್ಟು ಮಕ್ಕಳನ್ನು ತೂಗಿದ್ದಾರೆ ಇಲ್ಲಿ!”

ನಾನು, “ಲಾಟೀನಿನ ಕೊಕ್ಕೆ ಅಲ್ವಾ ಅದು?” ಎಂದೆ.

“ಲಾಟೀನಿಗೆ ಇಷ್ಟು ದಪ್ಪದ್ದು ಯಾರು ಹಾಕ್ತಾರೆ ಸರ್? ಒಂದು ಮೊಳೆ ಸಾಕು. ಇದರ ಒಳಬದಿ ನೋಡಿ, ಅರ್ಧ ಸವೆದಿದೆ. ತೂಗದೆ ಕಬ್ಬಿಣ ಹೀಗೆ ಸವೆಯುವುದಿಲ್ಲ,” ಎಂದರು ಆಚಾರಿ, ಮತ್ತು ಮುಂದಿನ ತೊಲೆಗೆ ಹೋದರು. ಎಂ.ಎ. ಮಾಡಿದವನಿಗೆ ಕಾಣದ್ದು ಅವರಿಗೆ ಒಂದು ಬೆರಳಿನಲ್ಲಿ ಗೊತ್ತಾಗಿತ್ತು.

ಅಕ್ಕನ ಮಗ ಬೆಳಗಿನ ಶಿಫ್ಟ್ ಮುಗಿಸಿ ಬಸ್ಸಿಳಿಯುವುದನ್ನೇ ಕಾದು ಕರೆದುಕೊಂಡು ಬಂದೆ. ಕಂಪೆನಿಯ ಯೂನಿಫಾರ್ಮಿನಲ್ಲೇ ಅವನು ಏಣಿ ಹತ್ತಿದ. ಒಂಬತ್ತು ಕೊಕ್ಕೆಗೂ ಬೆರಳು ಹಾಕಿ ನೋಡಿದ. ದಿನವಿಡೀ ಯಂತ್ರಗಳ ಸವೆತ ನೋಡುವುದೇ ಅವನ ಕೆಲಸ. ಆಚಾರಿ ಮತ್ತೆ ವಿವರಿಸಬೇಕಾಗಲಿಲ್ಲ. ಕೆಳಗಿಳಿದು ಬೆರಳಿಗೆ ಹತ್ತಿದ ತುಕ್ಕನ್ನು ಯೂನಿಫಾರ್ಮಿಗೆ ಒರೆಸಿಕೊಂಡ.

“ಮಾತ್ರೆ ಕೊಡ್ತಾ ಇದ್ದೇವೆ ಸರ್ ಅಮ್ಮನಿಗೆ,” ಎಂದ. “ಇದೇ ಮಾತಿಗೆ. ಒಂದು ವರ್ಷದಿಂದ.”

ಆ ಮಾತ್ರೆ ನಾನು ನುಂಗಬೇಕಿತ್ತು ಎಂದು ಹೇಳಬೇಕೆನಿಸಿತು. ತಮಾಷೆಯ ಹಾಗೆ ಕೇಳಿಸಬಹುದು ಎಂದು ಹೇಳಲಿಲ್ಲ. ನನಗೆ ತಮಾಷೆ ಬೇಕಾಗಿರಲಿಲ್ಲ.

ಆಮೇಲೆ ಮಗನೇ ಸಮಿತಿಗೆ ಹೋದ. ಅಧ್ಯಕ್ಷರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ತೀರ್ಮಾನ ಕೊಟ್ಟರು: ಲಾಟೀನು ಹಚ್ಚುವ ಕ್ರಮ ಹೇಗೂ ಬಂದುಬಿಟ್ಟಿದೆ, ಅವನ್ನು ಹೊರಗೆ ಅಂಗಳದಲ್ಲಿ ಹಚ್ಚುವುದು; ಕೊಕ್ಕೆಗಳನ್ನು ಹಾಗೆಯೇ ಬಿಡುವುದು; ಸಂಚಿಕೆಯಲ್ಲಿ ಹಳೆಯ ಇತಿಹಾಸವೂ ಇರಲಿ, ಅಕ್ಕ ಹೇಳಿದ್ದೂ ಇರಲಿ. ಬೀಡಿ ಎಂಬ ಶಬ್ದ ಬೇಕಾ ಎಂದು ಒಬ್ಬರು ಕೇಳಿದರಂತೆ. ಬೇಕು ಎಂದು ಮಗ ಹೇಳಿದನಂತೆ. ನನ್ನ ಲೇಖನದ ಕೆಳಗೆ ‘ಇದು ಕಲ್ಪನೆ’ ಎಂದು ಹಾಕಿ ಎಂದು ನಾನು ಎರಡು ಸಲ ಪತ್ರ ಬರೆದೆ. ಜಾಗ ಇದ್ದರೆ ನೋಡುವ ಎಂದಿದ್ದಾರೆ.

ಆ ಶನಿವಾರ ಸಂಜೆ ಅಕ್ಕ ಮಗನ ಕೈ ಹಿಡಿದು ಮಂದಿರಕ್ಕೆ ಬಂದರು. ಕುರ್ಚಿ ಕೊಟ್ಟರೂ ಬೇಡ ಎಂದು ಗೋಡೆಗೊರಗಿ ಚಾಪೆಯ ಮೇಲೆಯೇ ಕೂತರು, ಕೊಕ್ಕೆಗಳ ಸಾಲಿನ ಕೆಳಗೆ. ಎಲ್ಲರೂ ಸುಮ್ಮನಾದೆವು. ಯಾವಾಗಲೂ ಆ ಹದಿನೈದು ನಿಮಿಷ ನನಗೆ ಅಡ್ಡಾದಿಡ್ಡಿ ಯೋಚನೆಯಲ್ಲೇ ಕಳೆಯುವುದು. ಅವತ್ತು ಮಾತ್ರ ಯಾರ ಕೆಮ್ಮು ಕೇಳಿದರೂ ಗಾಬರಿಯಾಗುತ್ತಿತ್ತು. ಮತ್ತೆ ಅಕ್ಕನೇ ಮೊದಲ ಹಾಡು ಎತ್ತಿದರು. ದನಿ ಒಡೆದಿತ್ತು, ಆದರೆ ಸಾಲು ಒಂದೂ ತಪ್ಪಲಿಲ್ಲ.

ಅವಲಕ್ಕಿ ಹಂಚುವಾಗ ಹೋಗಿ ಅವರ ಪಕ್ಕದಲ್ಲಿ ಕೂತೆ. “ತಪ್ಪಾಯಿತು ಅಕ್ಕ,” ಎಂದೆ. ಮೂರು ದಿನದಿಂದ ಒಂದು ಉದ್ದ ವಾಕ್ಯ ತಯಾರು ಮಾಡಿಟ್ಟಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

ಅಕ್ಕ ಸಿಟ್ಟು ಮಾಡಲಿಲ್ಲ. “ನೀನು ಆವಾಗ ನಮ್ಮ ಮನೆಗೆ ಬಂದಿದ್ದಿ ಅಲ್ವಾ, ಪುಸ್ತಕ ಹಿಡಿದುಕೊಂಡು?” ಎಂದರು.

“ಬಂದಿದ್ದೆ. ಅಣ್ಣನ ಹತ್ತಿರ ಕೇಳಲಿಕ್ಕೆ.”

“ಹ್ಞೂಂ. ನನ್ನ ಅಮ್ಮ ಒಳಗೆ ಇದ್ದರು. ಮಂದಿರದ ವಿಷಯ ಕೇಳಿ ಬರೆಯಲಿಕ್ಕೆ ಎಂ.ಎ. ಕಲಿತವರು ಬಂದಿದ್ದಾರೆ ಅಂತ ನಾನೇ ಹೇಳಿದೆ. ಕರೆಯಬಹುದು ಅಂತ ಅವರು ಬೇರೆ ಸೀರೆ ಉಟ್ಟು, ತಲೆ ಬಾಚಿ, ಬಾಗಿಲ ಹಿಂದೆ ಕೂತಿದ್ದರು. ನೀನು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಮತ್ತೆ ಎದ್ದು ಸೀರೆ ಬದಲಾಯಿಸಿದರು.”